ಪುಟ್ಟ ಕೈಗೆ ದೊಡ್ಡ ಹಾಳೆ

ಎಲ್ಲರಿಗೂ ನಮಸ್ಕಾರ. ನೋಡಿ, ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸುತ್ತಿದ್ದೇನೆ. ಮಗಳಿಗೆ ಇನ್ನೇನು ಎರಡು ವರ್ಷ ತುಂಬುತ್ತದೆ. ಅವಳು ಬಣ್ಣ ಹಚ್ಚುವಾಗ "ಮುಟ್ಟಬೇಡ, ಚೆಲ್ಲಬೇಡ" ಅಂತ ಪಕ್ಕದಲ್ಲಿ ಕೂತು ಹೇಳುತ್ತಲೇ ಇರುವುದು ನನಗೆ ಇಷ್ಟವಿಲ್ಲ. ಅದಕ್ಕೇ ಮೊದಲು ಜಾಗ ಸಿದ್ಧ ಮಾಡುತ್ತೇನೆ, ಬಣ್ಣ ಆಮೇಲೆ. ಒದ್ದೆ ಬಟ್ಟೆಯೂ ಈಗಲೇ ಪಕ್ಕಕ್ಕೆ ಬರಬೇಕು. ಬಣ್ಣದ ಕೈಯ ಮಗುವನ್ನು ಬಿಟ್ಟು ಬಟ್ಟೆ ಹುಡುಕಲು ಹೋಗುವ ಹಾಗಿಲ್ಲ, ಅಲ್ವಾ?

ಹಾಳೆ ಆದಷ್ಟು ದೊಡ್ಡದಿರಲಿ. ಈ ವಯಸ್ಸಿನವರು ಬೆರಳು ಆಡಿಸಿ ಬರೆಯುವುದಿಲ್ಲ, ಭುಜದಿಂದ ಇಡೀ ತೋಳನ್ನೇ ಬೀಸುತ್ತಾರೆ. ಚಿಕ್ಕ ಹಾಳೆ ಕೊಟ್ಟರೆ ಗೆರೆ ನೆಲಕ್ಕೆ ಇಳಿಯುತ್ತದೆ. ಅದು ಮಗುವಿನ ತುಂಟತನವಲ್ಲ, ಹಾಳೆ ಸಾಲಲಿಲ್ಲ ಅಷ್ಟೆ. ಪಾರ್ಸೆಲ್ ಬಂದ ರಟ್ಟಿನ ಡಬ್ಬಿಯನ್ನು ಬಿಚ್ಚಿ ಹರಡಿದರೂ ಆಗುತ್ತದೆ. ನಾಲ್ಕೂ ಮೂಲೆಗೆ ಮಾಸ್ಕಿಂಗ್ ಟೇಪ್ ಹಾಕಿಬಿಡಿ. ಒಂದು ಕೈಯಲ್ಲಿ ಹಾಳೆ ಒತ್ತಿ ಹಿಡಿದು ಇನ್ನೊಂದರಲ್ಲಿ ಗೀಚುವುದು ಇವರಿಗಿನ್ನೂ ಕಷ್ಟ. ಕೆಲವೊಮ್ಮೆ ಗೋಡೆಗೂ ಅಂಟಿಸುತ್ತೇನೆ. ನಿಂತು ಗೀಚಿದರೆ ಭುಜಕ್ಕೂ ಮಣಿಕಟ್ಟಿಗೂ ಒಳ್ಳೆಯ ಕೆಲಸ.

ಕ್ರೇಯಾನ್ ದಪ್ಪದ್ದೇ ಬೇಕು. ಮುಷ್ಟಿಯಲ್ಲಿ ಹಿಡಿಯುತ್ತಾಳೆ, ಹಿಡಿಯಲಿ. ಬೆರಳಿನ ಹಿಡಿತ ನಿಧಾನಕ್ಕೆ ಬರುತ್ತದೆ, ತಿದ್ದಲು ಹೋಗಬೇಡಿ. ಮುರಿದ ಚೂರು ಮಾತ್ರ ತಕ್ಷಣ ಎತ್ತಿಡಿ. ಮಣಿ, ಗುಂಡಿ, ಸ್ಕೆಚ್ ಪೆನ್ನಿನ ಮುಚ್ಚಳ, ಇವು ಯಾವುವೂ 3 ವರ್ಷದೊಳಗಿನವರ ಕೈಗೆ ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಪೇಂಟ್ ನೀರಲ್ಲಿ ತೊಳೆದರೆ ಹೋಗುವಂಥದ್ದಿರಲಿ. ಡಬ್ಬಿಯ ಮೇಲೆ ನಾನ್-ಟಾಕ್ಸಿಕ್ ಅಂತ ಇದ್ದರೂ ಅದು ತಿನ್ನುವ ವಸ್ತುವಲ್ಲ, ಪಕ್ಕದಲ್ಲೇ ಇರಿ.

ಇವತ್ತು ಎರಡೇ ಬಣ್ಣ: ಹಳದಿ, ನೀಲಿ. ಎಲ್ಲ ಬಣ್ಣ ಒಟ್ಟಿಗೆ ಸುರಿದರೆ ಕೊನೆಗೆ ಉಳಿಯುವುದು ಕೆಸರಿನ ಬಣ್ಣ. ಎರಡೇ ಇದ್ದರೆ, ಅಂಗೈ ಒರೆಸಿದ ಕಡೆ ಹಸಿರು ಹುಟ್ಟುತ್ತದೆ. ನೋಡಿ, ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದಾಳೆ! ಅದನ್ನು ಅವಳೇ ಕಂಡುಕೊಳ್ಳಲಿ ಅಂತ ನಾನು ಮಾತಾಡಲಿಲ್ಲ. ಕೈ ಕೊಳೆಯಾಗುವುದು ಇಷ್ಟವಿಲ್ಲದ ಮಕ್ಕಳೂ ಇರುತ್ತಾರೆ. ಅವರಿಗೆ ಜಿಪ್ ಕವರ್ ಒಳಗೆ ಪೇಂಟ್ ಹಾಕಿ, ಬಾಯಿ ಟೇಪಿನಿಂದ ಭದ್ರ ಮಾಡಿ ನೆಲಕ್ಕೆ ಅಂಟಿಸಿ ಕೊಡಿ. ಮೇಲಿಂದ ಒತ್ತಿ ಆಡುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟ ನೀರಿನ ಚಿತ್ರ. ಒಂದು ಬಟ್ಟಲು ನೀರು, ಅಗಲದ ಬ್ರಷ್, ಬಿಸಿಲು ಬೀಳುವ ಒರಟು ನೆಲ. ಬ್ರಷ್ ಎಳೆದಲ್ಲಿ ನೆಲ ಕಪ್ಪಾಗುತ್ತದೆ, ಸ್ವಲ್ಪ ಹೊತ್ತಿಗೆ ಒಣಗಿ ಮಾಯ! ಮತ್ತೆ ಬಳಿಯುತ್ತಾಳೆ. ಹಾಳೆ ಖರ್ಚಾಗುವುದಿಲ್ಲ, ಕಲೆ ಉಳಿಯುವುದಿಲ್ಲ. ಬಟ್ಟಲಲ್ಲಿ ನೀರು ಕಮ್ಮಿ ಇರಲಿ, ಮಗಳ ಮೇಲೆ ಕಣ್ಣಿರಲಿ.

"ಇದೇನು ಬರೆದೆ?" ಅಂತ ನಾನು ಕೇಳುವುದಿಲ್ಲ. ಈಗ ಅವಳಿಗೆ ಏನೋ ಒಂದನ್ನು ಬರೆಯಬೇಕು ಅಂತಿಲ್ಲ, ಕೈ ಬೀಸಿದರೆ ಗೆರೆ ಮೂಡುತ್ತದೆ ಅನ್ನುವುದೇ ದೊಡ್ಡ ಖುಷಿ. "ಉದ್ದ ಗೆರೆ ಎಳೆದೆ", "ಜೋರಾಗಿ ಒತ್ತಿದೆ" ಅಂತ ಕಂಡದ್ದನ್ನು ಹೇಳುತ್ತೇನೆ. ಸುಮ್ನೆ ಗೀಚುವುದು ಅಂತ ನಮಗನಿಸುತ್ತದೆ. ಆದರೆ ಪುಟ್ಟ ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಅಮೆರಿಕದ ಶಿಕ್ಷಣತಜ್ಞೆ ರೋಡಾ ಕೆಲಾಗ್ ರಾಶಿ ರಾಶಿ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿ, ಈ ಗೀಚುಗಳಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದರು. ಚುಕ್ಕೆ, ನೆಟ್ಟಗಿನ ಗೆರೆ, ಅಡ್ಡ ಗೆರೆ, ಸುತ್ತು. ಅದು ಗೊತ್ತಾದ ಮೇಲೆ ಇವಳ ಹಾಳೆಯನ್ನು ನಾನು ಜಾಸ್ತಿ ಹೊತ್ತು ನೋಡುತ್ತೇನೆ.

ಐದೇ ನಿಮಿಷಕ್ಕೆ ಎದ್ದು ಹೋದರೆ? ಹೋಗಲಿ, ಈ ವಯಸ್ಸಿಗೆ ಅಷ್ಟು ಸಾಕು. ವಾಪಸ್ ಕರೆಯಬೇಡಿ. ಹಾಳೆಯನ್ನು ಸ್ವಲ್ಪ ಹೊತ್ತು ಅಲ್ಲೇ ಬಿಡಿ, ಎಷ್ಟೋ ಸಲ ಅವರೇ ತಿರುಗಿ ಬರುತ್ತಾರೆ.