ವೈಫೈ ಕಾಣದ ಹಳೆಯ ಲ್ಯಾಪ್‌ಟಾಪ್

ಕೇಳುಗರಿಗೆ ನಮಸ್ಕಾರ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಅಟ್ಟ ಸೇರಿದ್ದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿ ನೋಡೋಣವೆಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಹಾಕುವುದು ಕಷ್ಟದ ಕೆಲಸವೇನಲ್ಲ. ಪರದೆ ಬೆಳಗುತ್ತದೆ, ಕೀಲಿಮಣೆ ಓಡುತ್ತದೆ, ಸದ್ದೂ ಬರುತ್ತದೆ. ವೈಫೈ ಮಾತ್ರ ಕಾಣುವುದಿಲ್ಲ. ಈ ಒಂದು ತೊಡಕಿನಿಂದಲೇ ಎಷ್ಟೋ ಯಂತ್ರಗಳು ಮತ್ತೆ ಅಟ್ಟ ಏರುತ್ತವೆ.

ಅದಕ್ಕೆ ಮೊದಲು ಪ್ರೊಸೆಸರಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ, 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಗೆ 32 ಬಿಟ್ ಯಂತ್ರಗಳ ಇನ್‌ಸ್ಟಾಲರ್ ಇಲ್ಲ. 64 ಬಿಟ್‌ನ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಹಾಕಿ ಚಾಲೂ ಮಾಡಿದಾಗ, ಈ ಪ್ರೊಸೆಸರಿನಲ್ಲಿ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ನಡೆಯದು ಎಂಬ ಸಾಲು ಪರದೆಯ ಮೇಲೆ ಬಂದರೆ ನೀವು ಡೆಬಿಯನ್ 12ಕ್ಕೆ ಹಿಂದಿರುಗಬೇಕು. ಎರಡು ಜಿಬಿ ರ್‍ಯಾಮ್ ಇದ್ದಲ್ಲಿ ಎಕ್ಸ್‌ಎಫ್‌ಸಿಇಯಂಥ ಹಗುರವಾದ ಡೆಸ್ಕ್‌ಟಾಪನ್ನೇ ಆರಿಸಿಕೊಳ್ಳಿ.

ಈಗ ವೈಫೈಗೆ ಬರೋಣ. ಯಂತ್ರದ ಮೇಲೆ ಅಂಟಿಸಿರುವ ಕಂಪನಿಯ ಹೆಸರಿನಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಒಳಗಿರುವ ಚಿಪ್ ಯಾವುದೆಂದು ಗೊತ್ತಾಗಬೇಕು. ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ: ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂದು ಸಣ್ಣ ಅಕ್ಷರಗಳಲ್ಲಿ ಒಟ್ಟಿಗೆ ಬರೆದು, ಒಂದು ಜಾಗ ಬಿಟ್ಟು, ಮೈನಸ್ಸಿನಂಥ ಒಂದು ಅಡ್ಡಗೆರೆ ಹಾಕಿ, ಅದಕ್ಕೆ ತಾಗಿದಂತೆ ಎರಡು ಸಲ ಎನ್ ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ನೆಟ್‌ವರ್ಕ್ ಎಂದಿರುವ ಸಾಲಿನ ಕೊನೆಯ ಕಡೆ ಚೌಕ ಕಂಸದೊಳಗೆ 14ಇ4, 4315 ಎಂಬ ಜೋಡಿ ಕಂಡರೆ, ಅದು ಒಂದು ಕಾಲದ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಧಾರಾಳವಾಗಿ ಬರುತ್ತಿದ್ದ ಬ್ರಾಡ್‌ಕಾಮ್ 4312.

ಇಂಥ ಚಿಪ್‌ನೊಳಗೆ ಅದರದ್ದೇ ಆದ ಪುಟ್ಟ ಪ್ರೊಸೆಸರ್ ಇರುತ್ತದೆ, ಅದು ನಡೆಸಬೇಕಾದ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ. ವಿದ್ಯುತ್ ಹೋದೊಡನೆ ಅದು ಅಳಿಸಿಹೋಗುವುದರಿಂದ ಪ್ರತಿ ಸಲ ಚಾಲೂ ಮಾಡಿದಾಗಲೂ ಡ್ರೈವರ್, ಅಂದರೆ ಲಿನಕ್ಸ್ ಕಡೆಯಿಂದ ಚಿಪ್ಪನ್ನು ನಡೆಸುವ ಪ್ರೋಗ್ರಾಮು, ಅದನ್ನು ಹೊಸದಾಗಿ ತುಂಬಬೇಕಾಗುತ್ತದೆ. ಬ್ರಾಡ್‌ಕಾಮ್ ಚಿಪ್‌ಗಳ ಒಳವಿವರ ಹೊರಗೆ ಸಿಗದಿದ್ದಾಗ, ಕಂಪನಿಯದೇ ಡ್ರೈವರನ್ನು ಬಿಡಿಸಿ ನೋಡಿ, ಅವು ನಡೆಯುವ ಬಗೆಯನ್ನು ಅರಿತು ಸ್ವಯಂಸೇವಕರು ಬರೆದ ಡ್ರೈವರ್ 2006ರಲ್ಲಿ ಕರ್ನೆಲ್ ಸೇರಿತು. ಈಗ ಇರುವ ಬಿ43 ಅದರ ಮುಂದುವರಿಕೆ. ಹೀಗೆ ಡ್ರೈವರೇನೋ ಸಿಕ್ಕಿತು, ಆದರೆ ಫರ್ಮ್‌ವೇರ್ ಹಂಚುವ ಹಕ್ಕು ಸಿಗಲಿಲ್ಲ. 2023ರ ಡೆಬಿಯನ್ 12 ಹಲವು ಫರ್ಮ್‌ವೇರ್‌ಗಳನ್ನು ಇನ್‌ಸ್ಟಾಲರಿನೊಳಗೇ ಸೇರಿಸಿಕೊಂಡರೂ ಇದನ್ನು ಸೇರಿಸಲಾಗಲಿಲ್ಲ. ಇದಕ್ಕಾಗಿ ಇರುವ ಪ್ಯಾಕೇಜ್, ಅಂದರೆ ಡೆಬಿಯನ್ ಕೊಡುವ ತಂತ್ರಾಂಶದ ಕಟ್ಟು, ತಾನೇ ಇಂಟರ್ನೆಟ್ಟಿಗೆ ಹೋಗಿ ಅದನ್ನು ಇಳಿಸಿಕೊಂಡು ಬರಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು!

ಈ ಗಂಟನ್ನು ಬಿಚ್ಚಲು ನಿಮ್ಮ ಫೋನೇ ಸಾಕು. ಡೇಟಾ ಹಾಯುವ ಕೇಬಲ್‌ನಿಂದ ಆಂಡ್ರಾಯ್ಡ್ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆಥರಿಂಗ್ ಒತ್ತಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿದು ಒಪ್ಪಿಕೊಳ್ಳುತ್ತದೆ. ಆಮೇಲೆ ಡೆಬಿಯನ್‌ನ ಪ್ಯಾಕೇಜ್ ಭಂಡಾರದಲ್ಲಿ ಕಾಂಟ್ರಿಬ್ ಎಂಬ ವಿಭಾಗವನ್ನು ತೆರೆದುಕೊಂಡು, ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಎಂಬ ಪ್ಯಾಕೇಜ್ ಹಾಕಿ ಯಂತ್ರವನ್ನು ಮರಳಿ ಚಾಲೂ ಮಾಡಿ. ಆಗಲೂ ಮನೆಯ ವೈಫೈ ಹೆಸರು ಕಾಣದಿದ್ದರೆ ಗಾಬರಿಯಾಗಬೇಡಿ: ಈ ಚಿಪ್ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆಯದನ್ನು ಅರಿಯದು, ನಿಮ್ಮ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿರಬಹುದು. ಲ್ಯಾಪ್‌ಟಾಪಿನ ಅಂಚಿನಲ್ಲಿ ವೈಫೈಗೆಂದೇ ಒಂದು ಸ್ವಿಚ್ ಇದೆಯೇ ಎಂಬುದನ್ನೂ ಬೆರಳಾಡಿಸಿ ನೋಡಿ.

ಇಷ್ಟೆಲ್ಲ ತಿಳಿದ ನಾನೇ ಒಮ್ಮೆ ಒಂದಿಡೀ ಭಾನುವಾರ ಕಳೆದದ್ದು ಬೇರೆಯೇ ಕಾರಣಕ್ಕೆ. ವೈಫೈ ಕೂಡಿಕೊಂಡಿತ್ತು, ಸಂಪರ್ಕ ಪರೀಕ್ಷಿಸಲು ಪಿಂಗ್ ಮಾಡಿದರೆ ಉತ್ತರವೂ ಬರುತ್ತಿತ್ತು, ಆದರೆ ಯಾವ ತಾಣ ತೆರೆದರೂ ಬ್ರೌಸರ್, ತಾಣದ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರ ಸರಿಯಿಲ್ಲವೆಂದು ತಡೆಯುತ್ತಿತ್ತು. ಡ್ರೈವರನ್ನು ಎರಡು ಸಲ ಕಿತ್ತು ಹಾಕಿದೆ. ಸಂಜೆ ಪರದೆಯ ಮೂಲೆಯತ್ತ ಕಣ್ಣು ಹೋದಾಗ ಅಲ್ಲಿ 2009ರ ಜನವರಿ 1 ಎಂದಿತ್ತು. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರಿಂದ ಗಡಿಯಾರ ತನ್ನ ಮೊದಲ ದಿನಕ್ಕೆ ಮರಳಿತ್ತು. ಇನ್ನೂ ಹುಟ್ಟಿರದ ಪ್ರಮಾಣಪತ್ರಗಳನ್ನು ಬ್ರೌಸರ್ ನಂಬುವುದಾದರೂ ಹೇಗೆ? ನೆಟ್‌ನಿಂದ ಸಮಯ ತಿದ್ದಿಕೊಳ್ಳುವ ಸೇವೆಯನ್ನು, ರ್‍ಯಾಮ್ ಉಳಿಸುವ ದುರಾಸೆಯಿಂದ ನಾನೇ ನಿಲ್ಲಿಸಿದ್ದೆ.

ಆ ಸೆಲ್‌ನ ಹೆಸರು ಸಿಆರ್ 2032. ಮೂರು ವೋಲ್ಟ್‌ನದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಎರಡು ಸಣ್ಣ ವೈರು ಬೆಸೆದಿರುತ್ತವೆ, ಅಂಥಲ್ಲಿ ವೈರು ಸಹಿತವಾದುದನ್ನೇ ಕೇಳಿ ತರಬೇಕು. ಹೊಸದನ್ನು ಕೂರಿಸಿ, ತಾರೀಖು ತಿದ್ದಿ, ಒಂದು ರಾತ್ರಿ ಪ್ಲಗ್ಗನ್ನೂ ಬ್ಯಾಟರಿಯನ್ನೂ ತೆಗೆದಿಟ್ಟು ಬೆಳಿಗ್ಗೆ ಮತ್ತೆ ಚಾಲೂ ಮಾಡಿ ನೋಡಿ. ಗಡಿಯಾರ ಸರಿಯಾಗಿದ್ದರೆ ಸ್ಕ್ರೂಗಳನ್ನು ಬಿಗಿ ಮಾಡಬಹುದು.

ನಮಸ್ಕಾರ.