ತೊಲೆ ಜಂತಿಯ ಮನೆಯಲ್ಲಿ ಫ್ಲ್ಯಾಶ್

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯ ಹಳೆ ಆಲ್ಬಮ್ ಒಮ್ಮೆ ತೆಗೆದು ನೋಡಿ. ಕುಬಸದ ಫೋಟೋ, ತೊಟ್ಟಿಲ ಫೋಟೋ. ಮುಖಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದಿನ ಗೋಡೆಗೆ ಕಪ್ಪು ನೆರಳು, ಒಬ್ಬಿಬ್ಬರ ಕಣ್ಣು ಕೆಂಪು. ಇಳಕಲ್ ಸೀರೆ ಉಟ್ಟವರಿದ್ದರಂತೂ ರೇಷ್ಮೆ ಸೆರಗಿನ ಮೇಲೆ ಬಿಳಿ ಮಿಂಚು ಬಿದ್ದು ತೋಪುತೆನಿ ವಿನ್ಯಾಸ ಕಾಣುವುದೇ ಇಲ್ಲ. ಫ್ಲ್ಯಾಶ್ ನೇರ ಎದುರಿನಿಂದ ಹೊಡೆದರೆ ಹೀಗೇ.

ಅಜ್ಜನ ಪೆಟ್ಟಿಗೆಯಿಂದ ರೀಲ್ ಕ್ಯಾಮೆರಾ ತೆಗೆದು ಮತ್ತೆ ಬಳಸುತ್ತಿರುವವರಿಗೆ ಇವತ್ತಿನ ಮಾತು. ತಲೆ ತಿರುಗುವ ಫ್ಲ್ಯಾಶ್ ಇದ್ದರೆ ಅದನ್ನು ಮೇಲಕ್ಕೆತ್ತಿ. ಬೆಳಕು ಚಾವಣಿಗೆ ಬಡಿದು, ಹರಡಿಕೊಂಡು ಕೆಳಗಿಳಿಯುತ್ತದೆ. ನೆರಳು ಮೆತ್ತಗಾಗುತ್ತದೆ. ಇದೇ ಬೌನ್ಸ್.

ಆದರೆ ಎಲ್ಲರೂ ಹೇಳುವ ಈ ಉಪಾಯ ಗುಳೇದಗುಡ್ಡದ ಹಳೆ ಮನೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಮೇಲೆ ತೊಲೆ, ಜಂತಿ, ಹೊಗೆ ಹಿಡಿದ ಕಟ್ಟಿಗೆ. ಬೆಳಕನ್ನೆಲ್ಲ ನುಂಗಿ ಸುಮ್ನೆ ಕೂರುತ್ತದೆ. ಅಂಥ ಕಡೆ ಪಕ್ಕದ ಗೋಡೆಯೇ ಗತಿ. ನನ್ನ ಪ್ರಕಾರ ಅದೇ ಚೆಂದ ಕೂಡ. ಕಿಟಕಿಯಿಂದ ಬಂದ ಬೆಳಕಿನ ಹಾಗೆ ಮುಖದ ಒಂದು ಮಗ್ಗುಲು ಬೆಳಗಿ, ಇನ್ನೊಂದು ಕಡೆ ತುಸು ಮಬ್ಬು ಉಳಿಯುತ್ತದೆ. ಗೋಡೆ ಮಾತ್ರ ಬೆಳ್ಳಗಿರಬೇಕು. ನೀಲಿ ಬಣ್ಣದ ಗೋಡೆಗೆ ಹೊಡೆದರೆ ಮದುಮಗಳೂ ನೀಲಿ! ಕಲರ್ ರೀಲಿನಲ್ಲಿ ಅದು ಆಗಲೇ ಗೊತ್ತಾಗುವುದಿಲ್ಲ, ತೊಳೆದು ಬಂದ ಮೇಲೆಯೇ. ಬಿಳಿ ಗೋಡೆ ಸಿಗದಿದ್ದರೆ ಒಂದು ಧೋತರ ತೂಗುಹಾಕಿ. ಬ್ಲ್ಯಾಕ್ ಆಂಡ್ ವೈಟ್ ಆದರೆ ಬಣ್ಣದ ಚಿಂತೆಯಿಲ್ಲ.

ಇನ್ನು ಸ್ವಲ್ಪ ಲೆಕ್ಕ. ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಅದರ ಬಲ ಹೇಳುವ ಸಂಖ್ಯೆ, ಐಎಸ್‌ಒ 100ರ ಫಿಲ್ಮಿಗೆ ಮೀಟರ್ ಲೆಕ್ಕದಲ್ಲಿ 36 ಅಂತಿದ್ದರೆ, ಬೆಳಕಿಗೆ ನಾಲ್ಕು ಪಟ್ಟು ಸೂಕ್ಷ್ಮವಾದ 400ರ ಫಿಲ್ಮಿಗೆ 72. ಬಿಳಿ ಚಾವಣಿಗೆ ಹೋಗಿ ವ್ಯಕ್ತಿಯ ತನಕ ಬರುವ ದಾರಿ ಸುಮಾರು ನಾಲ್ಕೂವರೆ ಮೀಟರ್ ಅಂದುಕೊಳ್ಳಿ. 72ನ್ನು ಅದರಿಂದ ಭಾಗಿಸಿದರೆ 16. ಇದು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ಇಳಿದಷ್ಟೂ ಕಿಂಡಿ ದೊಡ್ಡದು. ಚಾವಣಿ ಒಂದಷ್ಟು ಬೆಳಕು ತಿನ್ನುತ್ತದೆ, ಒಂದಷ್ಟು ಅತ್ತಿತ್ತ ಚದುರುತ್ತದೆ. ಅದಕ್ಕೆ ಎರಡು ಸ್ಟಾಪ್ ಬಿಟ್ಟುಕೊಡಿ; ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು. ಅಂದರೆ ಅಪರ್ಚರ್ 8. ಅನುಮಾನವಿದ್ದರೆ 5.6ಕ್ಕೆ ಇನ್ನೊಂದು ಫ್ರೇಮ್ ತೆಗೆಯಿರಿ. ನೆಗೆಟಿವ್ ಫಿಲ್ಮ್ ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಅಲ್ಲ.

ಶಟರ್ ವೇಗ ಎಷ್ಟಿರಬೇಕು? ಪೆಂಟಾಕ್ಸ್ ಕೆ1000ದಂಥ ಕ್ಯಾಮೆರಾದಲ್ಲಿ ಸೆಕೆಂಡಿನ 60ನೇ ಒಂದು ಭಾಗ. ಅದಕ್ಕಿಂತ ವೇಗವಿಟ್ಟರೆ ಚಿತ್ರದ ಒಂದು ಕಡೆ ಕಪ್ಪು ಪಟ್ಟಿ ಬರುತ್ತದೆ.

ಫ್ಲ್ಯಾಶಿನ ಮುಂದೆ, ಮರಳಿ ಬರುವ ಬೆಳಕನ್ನು ತಾನೇ ಅಳೆಯುವ ಸಣ್ಣ ಸೆನ್ಸರ್ ಇದ್ದರೆ ಈ ಲೆಕ್ಕದ ಗೋಜು ಬಹಳ ಮಟ್ಟಿಗೆ ತಪ್ಪುತ್ತದೆ. ತಲೆ ಎತ್ತ ತಿರುಗಿದರೂ ಆ ಸೆನ್ಸರ್ ಎದುರಿನವರನ್ನೇ ನೋಡುತ್ತಿರಬೇಕು, ಅಷ್ಟೆ.

ಒಂದು ಎಚ್ಚರಿಕೆ. ಬೌನ್ಸ್ ಮಾಡಿದಾಗ ಫ್ಲ್ಯಾಶ್ ಹೆಚ್ಚುಕಡಿಮೆ ಪೂರ್ತಿ ಶಕ್ತಿ ಸುರಿಯುತ್ತದೆ. ಮತ್ತೆ ‘ಸಿದ್ಧ’ ಎನ್ನುವ ದೀಪ ಹತ್ತಲು ಕೆಲವು ಸೆಕೆಂಡು ಬೇಕು. ಅಕ್ಷತೆ ನಿಮಗಾಗಿ ಕಾಯುವುದಿಲ್ಲ ಅಲ್ವಾ? ಗಟ್ಟಿಮೇಳಕ್ಕೆ ಮೊದಲೇ ಹೊಸ ಸೆಲ್ ಹಾಕಿಕೊಳ್ಳಿ.

ನಮಸ್ಕಾರ.