ಮಯಿಲಿ ಕಾಸಿಗೆ ಬೇಡಿಕೆ ಏರುತ್ತದೆ ಎಂದು ನಾನು ನಂಬುವುದೇಕೆ

ನಮಸ್ಕಾರ. ಮಯಿಲಿ ಕಾಸು ಎಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯ; ಅದರ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮುಂದೆ ಯಾವ ನಾಣ್ಯಕ್ಕೆ ಬೇಡಿಕೆ ಬರುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಟಂಕಸಾಲೆಯ ಅಂಕಿಗಳನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ. ಇಂಥ ವರ್ಷ ಇಷ್ಟೇ ನಾಣ್ಯ ಅಚ್ಚಾಗಿವೆ, ಆದ್ದರಿಂದ ಇದು ವಿರಳ, ವಿರಳವಾದ್ದರಿಂದ ಬೆಲೆ ಏರಲೇಬೇಕು ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಎರಡು ಸಂಗತಿಗಳು ಬಿಟ್ಟುಹೋಗುತ್ತವೆ: ಅಚ್ಚಾದವುಗಳಲ್ಲಿ ಉಳಿದಿರುವುದೆಷ್ಟು, ಉಳಿದದ್ದನ್ನು ಬೇಕೆನ್ನುವವರು ಯಾರು.

1911ರ ಐದನೇ ಜಾರ್ಜ್ ರೂಪಾಯಿಯನ್ನು ನೋಡಿ. ದೊರೆಯ ಎದೆಯ ಮೇಲಿನ ಪದಕಮಾಲೆಯಲ್ಲಿ ಕೆತ್ತಿದ್ದ ಪುಟ್ಟ ಆನೆಯ ಸೊಂಡಿಲು ಮೊಟಕಾಗಿ, ಅದು ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದಿತು. ಸರ್ಕಾರ ಆ ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿಸಿತು. ಹಳೆಯದರ ಬಹುಪಾಲು ಕುಲುಮೆಗೆ ಹೋಯಿತು. ಟಂಕಸಾಲೆಯ ಪುಸ್ತಕದಲ್ಲಿ ದಾಖಲಾದ ಸಂಖ್ಯೆಯನ್ನಷ್ಟೇ ನಂಬಿದವನಿಗೆ ಈ ನಾಣ್ಯದ ನಿಜವಾದ ಬೆಲೆ ತಿಳಿಯುವುದೇ ಇಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 1918ರ ರೂಪಾಯಿ. ಮೊದಲ ಮಹಾಯುದ್ಧದ ಕೊನೆಯಲ್ಲಿ ಭಾರತದಲ್ಲಿ ಬೆಳ್ಳಿಗೆ ಎಂಥ ಹಾಹಾಕಾರ ಎದ್ದಿತ್ತೆಂದರೆ, ಅಮೆರಿಕ ಪಿಟ್‌ಮನ್ ಕಾಯ್ದೆಯಡಿ ತನ್ನ ಬೆಳ್ಳಿ ಡಾಲರುಗಳಲ್ಲಿ ಸುಮಾರು 26 ಕೋಟಿಯನ್ನು ಕರಗಿಸಿ, ಆ ಬೆಳ್ಳಿಯನ್ನು ನಮ್ಮ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿತು. ಕರಗಿದ್ದು ಯಾವ ಯಾವ ಇಸವಿಯ ಡಾಲರುಗಳು ಎಂದು ಯಾರೂ ಬರೆದಿಡಲಿಲ್ಲ. ಹೀಗಾಗಿ ಅಮೆರಿಕದ ಸಂಗ್ರಾಹಕರು ಇಂದಿಗೂ ಅಚ್ಚಾದ ಸಂಖ್ಯೆಯನ್ನು ಸಂಶಯದಿಂದಲೇ ನೋಡುತ್ತಾರೆ. ನಾವೂ ಹಾಗೆಯೇ ನೋಡಬೇಕು. ಇತ್ತ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಆ ಒಂದೇ ವರ್ಷ ನಲವತ್ತು ಕೋಟಿಗೂ ಹೆಚ್ಚು ರೂಪಾಯಿಗಳು ಅಚ್ಚಾದವು. ಒಂದೊಂದೂ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಬೆಳ್ಳಿಯ ದರ ಏರಿದಾಗ ಈ ನಾಣ್ಯದ ಬೆಲೆಯೂ ಏರುತ್ತದೆ ನಿಜ; ಆದರೆ ಅದು ಲೋಹಕ್ಕೆ ಬಂದ ಬೇಡಿಕೆ, ನಾಣ್ಯಕ್ಕೆ ಬಂದದ್ದಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಸವೆದ ರೂಪಾಯಿಯನ್ನು ಅಪೂರ್ವ ವಸ್ತುವೆಂದು ಭಾವಿಸಿ ವರ್ಷಗಟ್ಟಲೆ ಕಾಯುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕಾಗುತ್ತದೆ.

ಸ್ಮರಣಾರ್ಥ ನಾಣ್ಯಗಳ ಸೆಟ್‌ಗಳ ಮೇಲೆ ನನಗೆ ನಂಬಿಕೆ ಕಡಿಮೆ. ರವೀಂದ್ರನಾಥ ಠಾಕೂರರ 150 ರೂಪಾಯಿ, ತಂಜಾವೂರಿನ ಬೃಹದೀಶ್ವರ ದೇವಾಲಯದ 1000 ರೂಪಾಯಿ ನೋಡಲು ಅಂದವಾಗಿವೆ, ಇಷ್ಟಪಟ್ಟು ಕೊಳ್ಳುವವರು ಖಂಡಿತ ಕೊಳ್ಳಲಿ. ಆದರೆ ಕೊಂಡವರೆಲ್ಲ ಅವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ಜೋಪಾನ ಮಾಡಿದ್ದಾರೆ. ಎಲ್ಲವೂ ಒಂದೇ ಸ್ಥಿತಿಯಲ್ಲಿ ಉಳಿದಿರುವಾಗ ಒಂದಕ್ಕೆ ಇನ್ನೊಂದಕ್ಕಿಂತ ಹೆಚ್ಚಿನ ಬೆಲೆ ಎಲ್ಲಿಂದ ಬರಬೇಕು? ಇನ್ನು ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆಂಬ ಜಾಹೀರಾತುಗಳು ಶುದ್ಧ ಮೋಸ. ತನ್ನ ಹೆಸರು ಬಳಸಿ ಹಳೆಯ ನೋಟು, ನಾಣ್ಯಗಳ ವ್ಯವಹಾರ ನಡೆಸುವವರು ಶುಲ್ಕ, ತೆರಿಗೆ ಎಂದು ಹಣ ಕೇಳಿದರೆ ಮೋಸಹೋಗಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ನಾನು ಭರವಸೆ ಇಟ್ಟಿರುವುದು ಯಾರೂ ಜೋಪಾನ ಮಾಡದ ನಾಣ್ಯಗಳ ಮೇಲೆ. ಆರು ಮೂಲೆಯ ಮೂರು ಪೈಸೆ, ಅಲೆ ಅಂಚಿನ ಹತ್ತು ಪೈಸೆಗಳನ್ನು ನೆನೆಯಿರಿ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಜೇಬಿನಲ್ಲಿ ಒಂದು ದಿನ ಇದ್ದರೂ ಗೀರು ಬೀಳುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಮಾನ್ಯತೆ 2011ರ ಜೂನ್ 30ಕ್ಕೆ ಮುಗಿದ ಮೇಲಂತೂ ಅವನ್ನು ಎತ್ತಿಡುವವರೂ ಇಲ್ಲವಾದರು. ಸವೆದ ಹತ್ತು ಪೈಸೆ ಇಂದಿಗೂ ಸೇರಿನ ಲೆಕ್ಕದಲ್ಲಿ ಸಿಕ್ಕೀತು. ಟಂಕಸಾಲೆಯಿಂದ ಬಂದ ಹೊಳಪಿನಲ್ಲೇ ಇರುವ ಒಂದನ್ನು, ನಿಮಗೆ ಬೇಕಾದ ಇಸವಿಯಲ್ಲಿ ಹುಡುಕಿ ನೋಡಿ. ಆಗ ವಿರಳ ಎಂಬ ಮಾತಿನ ಅರ್ಥ ತಿಳಿಯುತ್ತದೆ. 1985ರ ಒಂದು ರೂಪಾಯಿಯನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ನಮ್ಮ ಟಂಕಸಾಲೆಗಳು ಬೇಡಿಕೆಯನ್ನು ಪೂರೈಸಲಾರದೆ ಹೋದಾಗ ಸರ್ಕಾರ ಬ್ರಿಟನ್ನಿನಲ್ಲಿ ನಾಣ್ಯ ಮಾಡಿಸಿತ್ತು, ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದರಲ್ಲಿ ‘ಎಚ್’ ಗುರುತಿದೆ. ಇಂಥ ಪೈಸೆಗಳಿಂದ ಪೆಪ್ಪರಮೆಂಟು ಕೊಂಡ ಮಕ್ಕಳಿಗೆ ಈಗ ಐವತ್ತರ ಆಸುಪಾಸು. ಕೈಯಲ್ಲಿ ಹಣವಿದೆ, ಮನಸ್ಸಿನಲ್ಲಿ ನೆನಪಿದೆ. ಬೇಡಿಕೆ ಸಂಗ್ರಾಹಕರಿಂದಲೇ ಬರಬೇಕೆಂದೂ ಇಲ್ಲ. ಕಮಲವಿರುವ ಹಿತ್ತಾಳೆ ಬಣ್ಣದ 20 ಪೈಸೆಯನ್ನು ಲಕ್ಷ್ಮೀಪೂಜೆಗೆಂದು ನೂರೆಂಟರ ಲೆಕ್ಕದಲ್ಲಿ ಕೊಳ್ಳುವವರಿದ್ದಾರೆ.

ಸ್ಥಿತಿಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ನೋವಿನ ಕಾರಣವಿದೆ. ಹೈಸ್ಕೂಲಿನಲ್ಲಿದ್ದಾಗ, ಮನೆಯಲ್ಲಿದ್ದ ಒಂದು ರಾಣಿ ವಿಕ್ಟೋರಿಯಾ ರೂಪಾಯಿ ಕಪ್ಪಗಾಗಿದೆ ಎಂದು ಹುಣಸೆಹಣ್ಣು ಮತ್ತು ಬೂದಿ ಹಾಕಿ ದೇವರ ದೀಪ ಬೆಳಗುವಂತೆ ತಿಕ್ಕಿ ತೊಳೆದೆ. ಫಳಫಳ ಹೊಳೆಯಿತು. ವರ್ಷಗಳಾದ ಮೇಲೆ ಅದನ್ನು ಭೂತಗನ್ನಡಿಯ ಕೆಳಗಿಟ್ಟಾಗ ರಾಣಿಯ ಕೆನ್ನೆಯ ತುಂಬ ಕೂದಲೆಳೆಯಂಥ ಗೀರುಗಳು ಕಂಡವು. ನೂರು ವರ್ಷ ಕೂತು ಬೆಳೆದಿದ್ದ ಆ ಕಪ್ಪನ್ನು ಹತ್ತು ನಿಮಿಷದಲ್ಲಿ ಕಳೆದಿದ್ದೆ. ದಯವಿಟ್ಟು ಯಾವ ನಾಣ್ಯವನ್ನೂ ತೊಳೆಯಬೇಡಿ.

ಎಲ್ಲಕ್ಕಿಂತ ಹೆಚ್ಚಾಗಿ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಿಗೆ ಬೇಡಿಕೆ ಏರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟಿಪ್ಪುವಿನ ಆನೆಯ ನಾಣ್ಯಗಳನ್ನು ಜಗತ್ತಿನ ಸಂಗ್ರಾಹಕರು ಬಹುಕಾಲದಿಂದ ಕೊಳ್ಳುತ್ತಿದ್ದಾರೆ, ಅವುಗಳ ಬೆಲೆ ಈಗಾಗಲೇ ಬೆಳೆದು ನಿಂತಿದೆ. ಒಡೆಯರ ಕಾಸಿನ ಮೇಲೆ ಮೊದಲು ಆನೆ, ಆಮೇಲೆ ಸಿಂಹ ಬಂತು. ಅದರಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳಿವೆ, ಇಂಗ್ಲಿಷಿನಲ್ಲಿ ‘ಕ್ಯಾಷ್’ ಎಂದೂ ಇದೆ. 1843ರಲ್ಲಿ ಟಂಕಸಾಲೆ ಮುಚ್ಚಿತು. ಅದರೊಂದಿಗೆ ಮೈಸೂರಿನ ಸ್ವಂತ ನಾಣ್ಯವೂ ನಿಂತಿತು. ತಾಮ್ರ ಯಾವಾಗ ಬೇಕಾದರೂ ಕರಗಿ ಪಾತ್ರೆಯಾಗಿಬಿಡಬಲ್ಲ ಲೋಹವಾದ್ದರಿಂದ, ಅಕ್ಷರ ಪೂರ್ತಿಯಾಗಿ ಓದಲು ಬರುವಂತೆ ಉಳಿದವು ಬಹಳ ಇರಲಾರವು. ತನ್ನ ಲಿಪಿಯಲ್ಲಿರುವ ನಾಣ್ಯವನ್ನು ತಾನೇ ಓದಬಲ್ಲ ಸಂಗ್ರಾಹಕನ ಸಂತೋಷವೇ ಬೇರೆ, ಆ ಸಂತೋಷ ಕನ್ನಡಿಗರಿಗೆ ಇದೀಗ ಪರಿಚಯವಾಗುತ್ತಿದೆ. ಹೊರದೇಶದಲ್ಲಿರುವ ಕನ್ನಡಿಗರು ಒಂದು ಮಾತು ನೆನಪಿಡಬೇಕು: 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಊರಿಗೆ ಬಂದಾಗ ಕೊಂಡು ಜೊತೆಗೆ ಒಯ್ಯುವಂತಿಲ್ಲ.

ನನ್ನಲ್ಲಿರುವ ಮಯಿಲಿ ಕಾಸು ಅಷ್ಟು ಒಳ್ಳೆಯದಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಆನೆಯ ಬೆನ್ನು, ‘ಕಾಸು’ ಎಂಬ ಎರಡು ಅಕ್ಷರ ಕಾಣುತ್ತವೆ. ‘ಮಯಿಲಿ’ ಸವೆದು ಹೋಗಿದೆ. ಐದೂ ಅಕ್ಷರಗಳಿರುವ ಒಂದು ಕಾಸು ಎದುರಾದ ದಿನ ನಾನು ಚೌಕಾಸಿ ಮಾಡುವುದಿಲ್ಲ.